ಬೀದರ್, ಭಾಲ್ಕಿ, ಔರಾದ್: ಕೋವಿಡ್ ಕಾಲದ ಆಸ್ಪತ್ರೆ ನಿರ್ವಹಣೆ

ಮಹಾರಾಷ್ಟ್ರ ಮತ್ತು ತೆಲಂಗಾಣಗಳಿಗೆ ಅಂಟಿಕೊಂಡ ಬೀದರ್ ಜಿಲ್ಲೆಯಲ್ಲಿ ಕಾಯಿಲೆ ಕೈಮೀರಿದರೆ ರೋಗಿಯನ್ನು ಹೈದರಾಬಾದಿಗೆ ಒಯ್ಯುವುದು ಹಳೆಯ ರೂಢಿ. 1956ರವರೆಗೆ ಬೀದರ್ ಹೈದರಾಬಾದ್ ರಾಜ್ಯದಲ್ಲೇ ಇತ್ತು. 2007ರಲ್ಲಿ ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಬ್ರಿಮ್ಸ್) ಆರಂಭವಾಗಿ ಜಿಲ್ಲೆಗೆ ಸ್ವಂತ ಬೋಧನಾ ಆಸ್ಪತ್ರೆ ದಕ್ಕಿದರೂ ಈ ರೂಢಿ ತಪ್ಪಲಿಲ್ಲ. 2020–21ರಲ್ಲಿ ರೋಗಿಗಳು ಒಮ್ಮೆಲೇ ಹೆಚ್ಚಿದಾಗ ಹಾಸಿಗೆಗಳ ಲೆಕ್ಕಕ್ಕಿಂತ ಆಮ್ಲಜನಕ ಮತ್ತು ರಸ್ತೆಗಳೇ ಇಲ್ಲಿ ನಿರ್ಣಾಯಕವಾದವು.

2020ರ ಏಪ್ರಿಲ್ ಮೊದಲ ವಾರದಲ್ಲಿ ಬೀದರ್‌ನಲ್ಲಿ ಸೋಂಕು ಕಾಣಿಸಿಕೊಂಡು ಹಳೆ ಊರನ್ನು ಸೀಲ್‌ಡೌನ್ ಮಾಡಲಾಯಿತು. ಏಪ್ರಿಲ್ 7ರಂದು ಕೇಂದ್ರ ಆರೋಗ್ಯ ಸಚಿವಾಲಯ ಮೂರು ಹಂತದ ವ್ಯವಸ್ಥೆ ಪ್ರಕಟಿಸಿತು: ಸೌಮ್ಯ ಲಕ್ಷಣದವರಿಗೆ ಆರೈಕೆ ಕೇಂದ್ರ, ಮಧ್ಯಮ ಸ್ಥಿತಿಯವರಿಗೆ ಆರೋಗ್ಯ ಕೇಂದ್ರ, ಗಂಭೀರ ರೋಗಿಗಳಿಗೆ ಕೋವಿಡ್ ಆಸ್ಪತ್ರೆ. ಈ ಏರ್ಪಾಡಿನಲ್ಲಿ ಗಂಭೀರ ರೋಗಿಗಳ ಭಾರವೆಲ್ಲ ಜಿಲ್ಲಾ ಕೇಂದ್ರದ ಮೇಲೆ ಬಿತ್ತು. ಜಿಲ್ಲೆಯ ತಾಲ್ಲೂಕು ಕೇಂದ್ರಗಳಾದ ಭಾಲ್ಕಿಯಿಂದಾಗಲಿ ಔರಾದ್‌ನಿಂದಾಗಲಿ ಬೀದರ್ ಸುಮಾರು 40 ಕಿ.ಮೀ. ದೂರ. ರಕ್ತದ ಆಮ್ಲಜನಕ ಮಟ್ಟ 90ಕ್ಕಿಂತ ಕೆಳಗಿಳಿದವರಿಗೆ ಅದೇ ದೊಡ್ಡ ದೂರ.

2021ರ ಎರಡನೇ ಅಲೆ ಮಹಾರಾಷ್ಟ್ರದಲ್ಲಿ ಮೊದಲು ಎದ್ದಿತು. ಏಪ್ರಿಲ್ 10ರಿಂದ ಕರ್ನಾಟಕ ಸರ್ಕಾರ ಏಳು ನಗರಗಳಲ್ಲಿ ರಾತ್ರಿ ಕರ್ಫ್ಯೂ ಹೇರಿತು, ಬೀದರ್ ಅವುಗಳಲ್ಲೊಂದು. ಕೋವಿಡ್‌ನಿಂದಲೇ ತೀರಿಕೊಂಡ ಶಾಸಕ ಬಿ. ನಾರಾಯಣರಾವ್ ಅವರ ಸ್ಥಾನ ತೆರವಾಗಿದ್ದ ಜಿಲ್ಲೆಯ ಬಸವಕಲ್ಯಾಣ ಕ್ಷೇತ್ರಕ್ಕೆ ಏಪ್ರಿಲ್ 17ರಂದು ಉಪಚುನಾವಣೆ ನಡೆಯಿತು. ಅದನ್ನು ಮುಂದೂಡಬೇಕಿತ್ತು.

ಆಮ್ಲಜನಕದ ಲೆಕ್ಕ ಸರಳ, ಆದರೆ ನಿರ್ದಯ. ಜಂಬೋ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಇರುತ್ತದೆ. ನಿಮಿಷಕ್ಕೆ 10 ಲೀಟರ್ ಬೇಕಾದ ರೋಗಿಗೆ ಅದು ಹನ್ನೊಂದು ಗಂಟೆಗೂ ಮಿಕ್ಕಿ ಬರುತ್ತದೆ. 60 ಲೀಟರ್ ಎಳೆಯುವ ಹೈಫ್ಲೋ ಯಂತ್ರಕ್ಕೆ ಎರಡು ಗಂಟೆಯೂ ಸಾಲದು. ಮೇ 2–3ರ ರಾತ್ರಿಯ ಚಾಮರಾಜನಗರ ಆಸ್ಪತ್ರೆಯ ಆಮ್ಲಜನಕ ಕೊರತೆಯ ದುರಂತದಲ್ಲಿ 24 ಮಂದಿ ಸತ್ತ ಸುದ್ದಿ ಬಂದ ಮೇಲೆ ಸಿಲಿಂಡರ್ ಎಣಿಸುವುದು ಎಲ್ಲ ಜಿಲ್ಲೆಗಳಿಗೂ ಜೀವನ್ಮರಣದ ಕೆಲಸವಾಯಿತು. ಆಂಬುಲೆನ್ಸ್‌ನ ಸಣ್ಣ ಸಿಲಿಂಡರಿನಲ್ಲಿರುವುದು 1,500 ಲೀಟರ್. 10 ಲೀಟರಿನಂತೆ ಬಿಟ್ಟರೆ ಎರಡೂವರೆ ಗಂಟೆ. ಔರಾದ್‌ನಿಂದ ಹೊರಟವರಿಗೆ ಹೈದರಾಬಾದ್ ಮುಟ್ಟುವ ಮೊದಲೇ ಅದು ಖಾಲಿ.

ಅಂಥ ಹೊತ್ತಿನಲ್ಲೇ ತೆಲಂಗಾಣ ತನ್ನ ಗಡಿಗಳಲ್ಲಿ ಹೊರರಾಜ್ಯದ ಆಂಬುಲೆನ್ಸ್‌ಗಳನ್ನು ತಡೆಯಿತು. ಹಾಸಿಗೆ ಖಾತ್ರಿಯಾಗಿ ಅನುಮತಿ ಪಡೆದಿದ್ದರಷ್ಟೇ ಒಳಗೆ ಎಂಬ ಸುತ್ತೋಲೆಗೆ ಮೇ 14ರಂದು ಅಲ್ಲಿನ ಹೈಕೋರ್ಟ್ ತಡೆಯಾಜ್ಞೆ ನೀಡಿತು. ಮನೆಯವರು ಫೋನಿನಲ್ಲಿ ಹಾಸಿಗೆ ಬೇಡುತ್ತ ಕೂತ ಕಾಲದಲ್ಲಿ ಆ ಸುತ್ತೋಲೆ ಅಮಾನವೀಯವೇ ಆಗಿತ್ತು.

ಆ ಬಳಿಕ ಕರ್ನಾಟಕದ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿ ಆಮ್ಲಜನಕ ಘಟಕಗಳು ಬಂದವು. ಇವು ಗಾಳಿಯಲ್ಲಿನ ಸಾರಜನಕವನ್ನು ಜಿಯೋಲೈಟ್ ಹರಳುಗಳಲ್ಲಿ ಹಿಡಿದಿಟ್ಟು ಶೇ 93ರ ಆಸುಪಾಸಿನ ಆಮ್ಲಜನಕ ಕೊಡುತ್ತವೆ. ಟ್ಯಾಂಕರಿಗೆ ಕಾಯಬೇಕಿಲ್ಲ. ಬೇಕಾದದ್ದು ಕೈಕೊಡದ ವಿದ್ಯುತ್ತು ಮತ್ತು ಯಂತ್ರ ಬಲ್ಲ ತಂತ್ರಜ್ಞ.