ಬೆನಾಲ್ಟ್: ಒಂದು ಪುಟ್ಟ ಗಣಿಯ ಹಣೆಬರಹ

ನನ್ನ ಬಳಿ ವಿಜ್ಞಾನ ಕಲಿತವರಿಗೆ ಆ ಕಪ್ಪು ಪುಡಿಯ ನೆನಪಿರಬಹುದು. ಪೊಟ್ಯಾಸಿಯಂ ಕ್ಲೋರೇಟಿಗೆ ಅದನ್ನು ಬೆರೆಸಿ ಕಾಯಿಸಿ, ನೀರು ತುಂಬಿ ಬೋರಲು ಹಾಕಿದ ಜಾಡಿಯಲ್ಲಿ ಆಮ್ಲಜನಕವನ್ನು ಸಂಗ್ರಹಿಸುತ್ತಿದ್ದೆವು. ಅದೇ ಮ್ಯಾಂಗನೀಸ್ ಡೈಆಕ್ಸೈಡ್ ಎಂಬ ಕ್ರಿಯಾವರ್ಧಕ. ಮ್ಯಾಂಗನೀಸನ್ನು ನೆಲದಿಂದ ಅಗೆದು ತೆಗೆದ ಒಂದು ಪುಟ್ಟ ಗಣಿಯ ಕಥೆಯನ್ನು ಇಂದು ಹೇಳಬೇಕೆನಿಸಿದೆ. ಗಣಿ ಇರುವುದು ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ; ಆದರೆ ಅದರ ಏಳುಬೀಳಿನಲ್ಲಿ ನಮ್ಮ ದೇಶದ ಅದಿರಿಗೂ ಪಾಲಿದೆ.

ವೇಲ್ಸ್‌ನ ವಾಯವ್ಯ ಮೂಲೆಯಲ್ಲಿ ಸಮುದ್ರಕ್ಕೆ ಚಾಚಿಕೊಂಡಿರುವ ನೆಲಕ್ಕೆ ಲೀನ್ ಪರ್ಯಾಯದ್ವೀಪವೆಂದು ಹೆಸರು. ಅಲ್ಲಿನ ರಿವ್ ಎಂಬ ಹಳ್ಳಿಯ ಬಳಿ ಇರುವುದೇ ಬೆನಾಲ್ಟ್ ಗಣಿ. ಅಲ್ಲಿಯ ಶಿಲೆಗಳು ಆರ್ಡೋವಿಶಿಯನ್ ಯುಗದವು. ಎಂದರೆ ಸುಮಾರು 47 ಕೋಟಿ ವರ್ಷಗಳಷ್ಟು ಹಳೆಯವು. 1879ರಲ್ಲಿ ಚಾರ್ಲ್ಸ್ ಲ್ಯಾಪ್‌ವರ್ತ್ ಎಂಬ ಭೂವಿಜ್ಞಾನಿ, ವೇಲ್ಸ್‌ನಲ್ಲಿ ಹಿಂದೆ ಬಾಳಿದ್ದ ಆರ್ಡೋವಿಸಿಸ್ ಎಂಬ ಬುಡಕಟ್ಟಿನ ಹೆಸರನ್ನೇ ಆ ಯುಗಕ್ಕೆ ಇಟ್ಟರು. ಅಂದಿನ ಕಡಲ ತಳದ ಕೆಸರಿನೊಡನೆ ಮ್ಯಾಂಗನೀಸ್ ಪದರ ಪದರವಾಗಿ ಸಂಚಯಗೊಂಡಿತು. ಅನಂತರ ಭೂಗರ್ಭದಿಂದ ನುಗ್ಗಿದ ಶಿಲಾರಸ ಅದನ್ನು ಬೇಯಿಸಿತು. ಭೂಚಲನೆಗಳು ಮಡಿಸಿ, ಮುರಿದು, ತುಂಡು ತುಂಡಾಗಿಸಿದವು. ಹೀಗಾಗಿ ಅದಿರು ಒಂದೆಡೆ ಕಾಣಿಸಿ ಥಟ್ಟನೆ ಮಾಯವಾಗುತ್ತಿತ್ತು. ಗುಣದಲ್ಲಿಯೂ ಅದು ಬಡ ಅದಿರು.

ನಮ್ಮ ಶಿವಮೊಗ್ಗ, ಸಂಡೂರು ಸೀಮೆಗಳ ಅದಿರಿನ ಜಾತಕವೇ ಬೇರೆ. ಅಲ್ಲಿನ ಧಾರವಾಡ ಶಿಲೆಗಳ ವಯಸ್ಸು 250 ಕೋಟಿ ವರ್ಷಗಳಿಗೂ ಹೆಚ್ಚು. ಮಳೆ ಬಿಸಿಲುಗಳಿಗೆ ಶಿಲೆ ಶಿಥಿಲವಾಗಿ, ಕರಗುವುದೆಲ್ಲ ಕರಗಿಹೋಗಿ, ಮ್ಯಾಂಗನೀಸ್ ಮೇಲ್ಪದರದಲ್ಲಿ ಸಾಂದ್ರಗೊಂಡಿತು. ಆಳವಾದ ಸುರಂಗಗಳಿಲ್ಲದೆ, ಗುದ್ದಲಿ ಹಾರೆಗಳಿಂದಲೇ ತೆಗೆಯಬಹುದಾಗಿದ್ದ ಅದಿರು ಅದು.

ರಿವ್‌ನಲ್ಲಿ ಮ್ಯಾಂಗನೀಸ್ ಪತ್ತೆಯಾದದ್ದು 1827ರಲ್ಲಿ. ಆಗ ಬ್ರಿಟನ್ನಿನಲ್ಲಿ ಮ್ಯಾಂಗನೀಸನ್ನು ಮುಖ್ಯವಾಗಿ ಬಟ್ಟೆ ಬಿಳುಪುಗೊಳಿಸುವ ಕ್ಲೋರಿನ್ ತಯಾರಿಕೆಗೆ ಬಳಸುತ್ತಿದ್ದರು. 1856ರಲ್ಲಿ ಬೆಸೆಮರ್ ವಿಧಾನ ಬಂದಾಗ, ಉಕ್ಕಿನಲ್ಲಿ ಉಳಿಯುವ ಆಮ್ಲಜನಕ ಮತ್ತು ಗಂಧಕಗಳ ಉಪದ್ರವವನ್ನು ಮ್ಯಾಂಗನೀಸ್ ನಿವಾರಿಸುತ್ತದೆಂದು ರಾಬರ್ಟ್ ಮುಶೆಟ್ ತೋರಿಸಿದರು. ಅಂದಿನಿಂದ ಉಕ್ಕು ಬೇಕೆಂದರೆ ಮ್ಯಾಂಗನೀಸ್ ಬೇಕೇ ಬೇಕು ಎಂಬಂತಾಯಿತು.

ಭಾರತದಲ್ಲಿ 1892ರಲ್ಲಿ ವಿಶಾಖಪಟ್ಟಣ ಸೀಮೆಯಲ್ಲಿ ಮ್ಯಾಂಗನೀಸ್ ಗಣಿಗಾರಿಕೆ ಆರಂಭವಾಯಿತು. 1905ರ ರಷ್ಯಾದ ಕ್ರಾಂತಿಯ ಗಲಭೆಗಳಿಂದ ಕಾಕಸಸ್ ಗಣಿಗಳು ಕುಂಟಿದಾಗ ನಮ್ಮ ಅದಿರಿಗೆ ಸುಗ್ಗಿ ಬಂತು. ಶಿವಮೊಗ್ಗ, ಸಂಡೂರುಗಳ ಗಣಿಗಳೂ ಆ ದಶಕದವೇ. 1907ರಲ್ಲಿ ಭಾರತದ ಉತ್ಪಾದನೆ ಸುಮಾರು 9 ಲಕ್ಷ ಟನ್. ರಿವ್‌ನ ಗಣಿಗಳೆಲ್ಲ ಕೂಡಿ ಒಂದು ಶತಮಾನಕ್ಕೂ ಮಿಕ್ಕಿದ ಅವಧಿಯಲ್ಲಿ ತೆಗೆದದ್ದು ಸುಮಾರು 2 ಲಕ್ಷ ಟನ್ ಮಾತ್ರ!

ಹಾಗಾದರೆ ಬೆನಾಲ್ಟ್ ಉಳಿದದ್ದು ಹೇಗೆ? ಯುದ್ಧದಿಂದ. 1914ರಲ್ಲಿ ಕಪ್ಪು ಸಮುದ್ರದ ದಾರಿ ಮುಚ್ಚಿತು; ಮಹಾಸಾಗರದಲ್ಲಿ ಜಲಾಂತರ್ಗಾಮಿಗಳ ಭಯ. ಮನೆಯಂಗಳದ ಬಡ ಅದಿರಿಗೂ ಆಗ ಬೆಲೆ ಬಂತು. ಶಾಂತಿ ನೆಲೆಸಿದ ಮೇಲೆ ವಿದೇಶದ ಅಗ್ಗದ ಅದಿರು ಮತ್ತೆ ಬಂದು, 1920ರ ದಶಕ ಮುಗಿಯುವುದರೊಳಗೆ ಗಣಿ ಮುಚ್ಚಿತು. ಎರಡನೆಯ ಮಹಾಯುದ್ಧದಲ್ಲಿ ಸರ್ಕಾರವೇ ಅದನ್ನು ತೆರೆಸಿತು. 1945ರಲ್ಲಿ ಯುದ್ಧದೊಡನೆ ಗಣಿಯೂ ಮುಗಿಯಿತು.

ನನ್ನನ್ನು ಕಾಡುವುದು ಇಲ್ಲಿಯ ಲೆಕ್ಕಾಚಾರ. ಹಡಗುಗಳು ಮುಳುಗುತ್ತಿದ್ದಾಗ ರಿವ್‌ನ ಮನೆಗಳಿಗೆ ಸಂಬಳ; ಹಡಗುಗಳು ಸುಖವಾಗಿ ದಡ ಸೇರಿದಾಗ ಅದೇ ಮನೆಗಳಿಗೆ ನಿರುದ್ಯೋಗ. ನಮ್ಮ ಅದಿರು ಅಗ್ಗವಾಗಿದ್ದುದಕ್ಕೆ ಮಳೆ ಬಿಸಿಲುಗಳ ಕೃಪೆಯಷ್ಟೇ ಕಾರಣವಲ್ಲ; ಬುಟ್ಟಿ ಹೊತ್ತ ನಮ್ಮ ಜನರ ಅಲ್ಪ ಕೂಲಿಯೂ ಕಾರಣ. ಒಬ್ಬರ ಮುಖವನ್ನು ಇನ್ನೊಬ್ಬರು ಕಾಣದ ಎರಡು ಊರಿನ ಕೂಲಿಕಾರರನ್ನು ಯಾವುದೋ ನಗರದ ದರಪಟ್ಟಿಯೊಂದು ಪ್ರತಿಸ್ಪರ್ಧಿಗಳನ್ನಾಗಿಸಿತ್ತು. ಗಣಿ ಮುಚ್ಚುವುದು ಅದಿರು ತೀರಿದಾಗ ಎಂದು ನಾವು ಭಾವಿಸುತ್ತೇವೆ. ಎಷ್ಟೋ ಸಲ ಹಾಗಲ್ಲ. ದೂರದ ಧಾರಣೆ ಬದಲಾದರೆ ಸಾಕು.

ಬೆನಾಲ್ಟ್ ವಿಜ್ಞಾನಕ್ಕೆ ಬಿಟ್ಟುಹೋದ ಉಡುಗೊರೆಗಳೂ ಉಂಟು. ಅಲ್ಲಿಯ ಕಲ್ಲುಗಳನ್ನು ಪರೀಕ್ಷಿಸಿದ ಬ್ರಿಟಿಷ್ ಮ್ಯೂಸಿಯಂ ತಜ್ಞರು 1944ರಲ್ಲಿ ಒಂದು ಹೊಸ ಖನಿಜವನ್ನು ವರ್ಣಿಸಿ ಬನಾಲ್ಸೈಟ್ ಎಂದು ಹೆಸರಿಟ್ಟರು. ಬೇರಿಯಂ, ಸೋಡಿಯಂ, ಅಲ್ಯೂಮಿನಿಯಂ, ಸಿಲಿಕಾನ್‌ಗಳ ಸಂಕೇತಾಕ್ಷರಗಳನ್ನು ಕ್ರಮವಾಗಿ ಜೋಡಿಸಿ ನೋಡಿ, ಹೆಸರು ತಾನಾಗಿ ಬರುತ್ತದೆ! 1949ರಲ್ಲಿ ವರ್ಣಿತವಾದ ಇನ್ನೊಂದು ಖನಿಜದ ಹೆಸರು ಕಮ್ರೈಟ್; ವೇಲ್ಸ್ ಜನ ತಮ್ಮ ನಾಡನ್ನು ಕರೆದುಕೊಳ್ಳುವುದು ಕಮ್ರಿ ಎಂದು.

ಪಕ್ಕದ ನಾಂಟ್ ಗಣಿಯಿಂದ ಪೋರ್ತ್ ಅಸ್ಗೊ ಎಂಬ ಕಡಲತೀರಕ್ಕೆ ಅದಿರು ಇಳಿಸುತ್ತಿದ್ದ ಇಳಿಜಾರು ಹಳಿದಾರಿಯ ಕುರುಹುಗಳು ಇನ್ನೂ ಇವೆ. ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಶಿಷ್ಯರು ಯಾರಾದರೂ ಅತ್ತ ಹೋದರೆ ನೋಡಿಬನ್ನಿ. ಹಳೆಯ ಸುರಂಗಗಳೊಳಗೆ ಮಾತ್ರ ಕಾಲಿಡಬೇಡಿ. ಊರಿಗೆ ಬಂದಾಗ ಮಕ್ಕಳನ್ನು ಸಂಡೂರಿಗೂ ಕರೆದೊಯ್ದು, ಆ ಗುಡ್ಡಗಳ ಕಥೆಯನ್ನೂ ಹೇಳಿ.