ಕಡಲ್ಗುದುರೆ, ಬಾದಾಮಿ ಮತ್ತು ಒಂದು ಚೊಂಬು ಬಿಸಿನೀರು

ಬೇಗೂರಿನಿಂದ ಹೊರಟು, ಬೊಮ್ಮನಹಳ್ಳಿಯಲ್ಲಿ ಹೊಸೂರು ರಸ್ತೆ ಹಿಡಿದು, ಸಿಲ್ಕ್ ಬೋರ್ಡ್ ಸಿಗ್ನಲ್ಲಿಗೆ ಸಲ್ಲಬೇಕಾದ ಅರ್ಧ ಗಂಟೆ ಸಲ್ಲಿಸಿ ಮುಂದೆ ಹೋದರೆ, ಡೇರಿ ಸರ್ಕಲ್ ದಾಟಿದ ಮೇಲೆ ನಿಮ್ಹಾನ್ಸ್. ನಮ್ಮ ಕಡೆಯವರ ಬಾಯಲ್ಲಿ ಅದು ಬಹಳ ಕಾಲ ಬರೀ ‘ಹುಚ್ಚಾಸ್ಪತ್ರೆ’ಯಾಗಿತ್ತು. ಒಳಗೊಂದು ಮಿದುಳಿನ ಮ್ಯೂಸಿಯಂ ಇದೆ. ಗಾಜಿನ ಜಾಡಿಗಳನ್ನು ನೋಡಿಕೊಂಡು ಬರುವ ಜಾಗವಷ್ಟೇ ಅಲ್ಲ ಅದು. ನಿಜವಾದ ಮಿದುಳನ್ನು ಮುಟ್ಟಿ ನೋಡಲು ಬಿಡುತ್ತಾರೆ. ಫಾರ್ಮಲಿನ್ನಿನಲ್ಲಿ ನೆಂದು ಗಟ್ಟಿಯಾದ ಅದು ಕೈಗೆ ರಬ್ಬರಿನ ಹಾಗೆ ಸಿಗುತ್ತದೆ. ಎರಡು ಹೋಳು ಮಾಡಿದ ಮಿದುಳಿನ ಒಳಮೈಯನ್ನು ಬೆಳಕಿಗೆ ಹಿಡಿದರೆ, ನಡುವಿನ ಕಾಂಡವನ್ನು ಬಳಸಿಕೊಂಡು ಹೋದ ಒಂದು ಪಟ್ಟಿ ಕಾಣುತ್ತದೆ, ಸೀರೆಗೆ ಅಂಚು ಇದ್ದ ಹಾಗೆ.

1878ರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ ಅದಕ್ಕೆ ಇಟ್ಟ ಹೆಸರೂ ಅದೇ. ಲ್ಯಾಟಿನ್ನಿನ ‘ಲಿಂಬಸ್’ ಎಂದರೆ ಅಂಚು. ಆ ಭಾಗಕ್ಕೂ ವಾಸನೆ ಹಿಡಿಯುವುದಕ್ಕೂ ಸಂಬಂಧವಿರಬೇಕು ಎಂಬುದು ಆ ಕಾಲದ ಊಹೆಯಾಗಿತ್ತು. ಭಾವನೆಯ ಮಾತು ಬರಲು ಇನ್ನೂ ಅರವತ್ತು ವರ್ಷ ಹಿಡಿಯಿತು, ಬಂದದ್ದೂ ಹುಚ್ಚುನಾಯಿಯ ದಾರಿಯಲ್ಲಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೇಮ್ಸ್ ಪೇಪೆಜ್ ಕೇಳಿಕೊಂಡ ಪ್ರಶ್ನೆ ಸರಳವಾಗಿತ್ತು. ರೇಬೀಸ್ ಬಂದವರಲ್ಲಿ ಭಯ, ಸಿಟ್ಟು, ತಳಮಳ ಮಿತಿ ಮೀರುತ್ತವೆ. ನೀರು ಕಂಡರೆ ನಡುಗುತ್ತಾರೆ. ಅಂಥವರು ಸತ್ತ ಮೇಲೆ ರೋಗದ ಗುರುತಾದ ನೆಗ್ರಿ ಕಣಗಳು ಮಿದುಳಿನಲ್ಲಿ ದಟ್ಟವಾಗಿ ಸಿಗುವುದೆಲ್ಲಿ? ಹಿಪೊಕ್ಯಾಂಪಸ್‌ನಲ್ಲಿ, ಅಂದರೆ ಕಡಲ್ಗುದುರೆಯ ಆಕಾರದಿಂದ ಹೆಸರು ಪಡೆದ ಭಾಗದಲ್ಲಿ. ಹಾಗಾದರೆ ಭಾವನೆಯ ದಾರಿ ಅಲ್ಲಿಂದಲೇ ಹೊರಡಬೇಕು ಎಂದು ತರ್ಕಿಸಿ ಆತ 1937ರಲ್ಲಿ ಒಂದು ಸುತ್ತುದಾರಿಯ ನಕ್ಷೆ ಬರೆದ. ರೇಬೀಸ್ ಪತ್ತೆಯ ಮುಖ್ಯ ಪ್ರಯೋಗಾಲಯಗಳಲ್ಲೊಂದನ್ನು ಇವತ್ತು ನಡೆಸುತ್ತಿರುವ ನಿಮ್ಹಾನ್ಸ್‌ನವರಿಗೆ ಈ ತರ್ಕ ಬೇಗ ಅರ್ಥವಾದೀತು.

ಪೇಪೆಜ್‌ನ ನಕ್ಷೆಗೆ ಅಮಿಗ್ಡಲವನ್ನೂ (ಬಾದಾಮಿ ಗಾತ್ರದ್ದು, ಹೆಸರಿನ ಅರ್ಥವೂ ಬಾದಾಮಿ) ಇನ್ನೂ ಕೆಲವು ಭಾಗಗಳನ್ನೂ ಸೇರಿಸಿ ಪಾಲ್ ಮೆಕ್‌ಲೀನ್ 1952ರಲ್ಲಿ ‘ಲಿಂಬಿಕ್ ವ್ಯವಸ್ಥೆ’ ಎಂದು ಕರೆದ. ಪಠ್ಯಪುಸ್ತಕದಲ್ಲಿ ಆ ಹೆಸರು ಗಟ್ಟಿಯಾಗಿ ಕೂತಿತು. ಆದರೆ ಮರುವರ್ಷವೇ ಅಮೆರಿಕದಲ್ಲಿ ಮೂರ್ಛೆ ನಿಲ್ಲಿಸಲೆಂದು ಹೆನ್ರಿ ಮೊಲೈಸನ್ ಎಂಬ ಯುವಕನ ಎರಡೂ ಕಡೆಯ ಹಿಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆದಾಗ ಲೆಕ್ಕ ತಪ್ಪಿತು. ಆತನ ನಗು, ಸೌಜನ್ಯ ಹಾಗೇ ಉಳಿದವು. ಹೋದದ್ದು ಹೊಸ ನೆನಪು. ಐದು ನಿಮಿಷದ ಹಿಂದೆ ಮಾತಾಡಿಸಿದವರ ಗುರುತೂ ಸಿಗುತ್ತಿರಲಿಲ್ಲ. ಭಾವನೆಯ ಕೇಂದ್ರವೆಂದು ಪೇಪೆಜ್ ಬೆರಳು ತೋರಿಸಿದ ಜಾಗ ನೆನಪಿನದ್ದಾಗಿತ್ತು ಎಂಬುದನ್ನು ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ 1957ರಲ್ಲಿ ಪರೀಕ್ಷೆಗಳ ಮೂಲಕ ತೋರಿಸಿದರು. ಭಯದ ಕೆಲಸ ಪಕ್ಕದ ಬಾದಾಮಿಯ ಪಾಲಿಗೆ ಹೋಯಿತು.

ಕತೆಯನ್ನು ಸಾಮಾನ್ಯವಾಗಿ ಇಲ್ಲಿಂದ ಬಾಸ್ಟನ್ನಿಗೋ ಲಂಡನ್ನಿಗೋ ಒಯ್ಯುತ್ತಾರೆ. ನಾನು ಹೊಸೂರು ರಸ್ತೆಗೇ ವಾಪಸು ಬರುತ್ತೇನೆ, ಅಭಿಮಾನಕ್ಕಲ್ಲ. ‘ವ್ಯವಸ್ಥೆ’ ಎಂಬ ಆ ಪದ ಸಡಿಲವಾದದ್ದರಲ್ಲಿ ಬೆಂಗಳೂರಿನ ಕೈಯೂ ಇದೆ.

ಆರಂಭ ಮಾತ್ರ ಹೆಮ್ಮೆ ಪಡುವಂಥದ್ದಲ್ಲ. ನಿಮ್ಹಾನ್ಸ್ ಹುಟ್ಟಿದ್ದು 1974ರಲ್ಲಿ. ಅದಕ್ಕೆ ಮೊದಲು ಅಲ್ಲಿದ್ದದ್ದು ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ. ಅಲ್ಲಿನ ಎಂ.ವಿ. ಗೋವಿಂದಸ್ವಾಮಿ ಮತ್ತು ಶಸ್ತ್ರವೈದ್ಯ ಬಿ.ಎನ್. ಬಾಲಕೃಷ್ಣ ರಾವ್ ಭಾರತೀಯ ರೋಗಿಗಳ ಮೇಲೆ ಮಾಡಿದ ಲ್ಯೂಕಾಟಮಿಯ ವರದಿಯನ್ನು 1944ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಣೆಯ ಹಿಂದಿನ ಮಿದುಳಿಗೂ ಒಳಗಿನ ಭಾಗಗಳಿಗೂ ನಡುವೆ ಇರುವ ತಂತುಗಳನ್ನು ಕತ್ತರಿಸಿ ಉದ್ವೇಗ ತಗ್ಗಿಸುವ ಚಿಕಿತ್ಸೆ ಅದು. ಇಂದು ಓದಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಔಷಧಿಗಳೇ ಇಲ್ಲದ ಕಾಲ. ಜಗತ್ತಿನ ಎಷ್ಟೋ ದೊಡ್ಡ ಆಸ್ಪತ್ರೆಗಳು ಅದನ್ನೇ ಮಾಡುತ್ತಿದ್ದವು.

ನಿಜವಾಗಿ ನಮ್ಮದು ಎನ್ನಬಹುದಾದ ಅಧ್ಯಾಯ ತೆರೆದದ್ದು ಬಚ್ಚಲುಮನೆಯಲ್ಲಿ. ಹಳೇ ಮೈಸೂರಿನ ಕಡೆ ತಲೆಗೆ ನೀರು ಹಾಕಿಕೊಳ್ಳುವುದೆಂದರೆ ಸಣ್ಣ ಸಂಗತಿಯಲ್ಲ. ಹಂಡೆ ತುಂಬ ಹಬೆಯಾಡುವ ನೀರು, ನೆತ್ತಿಗೆ ಎಣ್ಣೆ, ಸೀಗೆಪುಡಿ, ಆಮೇಲೆ ಚೊಂಬಿನ ಮೇಲೆ ಚೊಂಬು. ಉಸಿರು ತಿರುಗಿಸಿಕೊಳ್ಳಲೂ ಬಿಡದೆ ಸುರಿದರೇ ಅಮ್ಮಂದಿರಿಗೆ ಸಮಾಧಾನ. ಹೀಗೆ ಸುರಿಯುತ್ತಿರುವಾಗ ಕೆಲವು ಮಕ್ಕಳು ಇದ್ದಕ್ಕಿದ್ದಂತೆ ಸುಮ್ಮನಾಗುತ್ತಾರೆ. ಕಣ್ಣು ಎಲ್ಲೋ ನೆಟ್ಟಿರುತ್ತದೆ. ಅರ್ಥವಿಲ್ಲದ ಮಾತು, ಕಾರಣವಿಲ್ಲದ ಭಯ, ಕೈ ತನ್ನಷ್ಟಕ್ಕೆ ಏನನ್ನೋ ತಡಕಾಡುತ್ತದೆ. ಕೆಲವರಿಗೆ ಮೈಯೆಲ್ಲ ಸೆಟೆದು ಫಿಟ್ಸ್ ಬರುವುದೂ ಉಂಟು. ಅದೇ ಮಗು ಬೆಚ್ಚಗಿನ ನೀರಿನಲ್ಲಿ, ತಲೆ ನೆನೆಸದೆ ಸ್ನಾನ ಮಾಡಿದರೆ ಏನೂ ಆಗುವುದಿಲ್ಲ.

ಬಿಸಿನೀರಿನ ಮೂರ್ಛೆ ಮೊದಲು ವರದಿಯಾದದ್ದು 1945ರಲ್ಲಿ, ನ್ಯೂಜಿಲೆಂಡಿನಿಂದ. ಆದರೆ ಅದು ಬೇರೆಲ್ಲ ಕಡೆ ಅಪರೂಪ, ದಕ್ಷಿಣ ಕರ್ನಾಟಕದಲ್ಲಿ ಮಾತ್ರ ಮನೆಮಾತು. ಬೆಂಗಳೂರಿನ ನರತಜ್ಞ ಕೆ.ಎಸ್. ಮಣಿ 1960ರ ದಶಕದಿಂದಲೇ ಇಂಥ ರೋಗಿಗಳನ್ನು ಒಟ್ಟುಗೂಡಿಸತೊಡಗಿದರು. 1988ರಲ್ಲಿ ನಿಮ್ಹಾನ್ಸ್‌ನ ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ಜನರ ವಿವರಗಳನ್ನು ಪ್ರಕಟಿಸಿದರು. ನೀರಿನ ಬಿಸಿ 40ರಿಂದ 50 ಡಿಗ್ರಿ. ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು. ಕೆಲವು ಮನೆತನಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ. ಮುಂದೆ ಮೂರ್ಛೆ ಬಂದ ಗಳಿಗೆಯಲ್ಲೇ ತೆಗೆದ, ಮಿದುಳಿನ ಯಾವ ಭಾಗ ಚುರುಕಾಗಿದೆ ಎಂದು ತೋರಿಸುವ ಸ್ಪೆಕ್ಟ್ ಸ್ಕ್ಯಾನ್‌ಗಳಲ್ಲಿ, ಕಿವಿಯ ಹತ್ತಿರದ ಟೆಂಪೊರಲ್ ಭಾಗದ ಒಳಮಡಿಕೆ ಮತ್ತು ಮೈಯ ಬಿಸಿಯನ್ನು ಕಾಯುವ ಹೈಪೊಥಲಾಮಸ್ ಎರಡೂ ಉರಿದೆದ್ದದ್ದು ಕಂಡಿತು. ಕಡಲ್ಗುದುರೆ, ಬಾದಾಮಿ ಎರಡೂ ಇರುವುದು ಆ ಒಳಮಡಿಕೆಯಲ್ಲೇ. ಪರಿಹಾರವೂ ಬಚ್ಚಲಿನಷ್ಟೇ ಸರಳ: ನೀರಿನ ಬಿಸಿ ತಗ್ಗಿಸಿ, ಸಾಲದಿದ್ದರೆ ತಲೆಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಕ್ಲೋಬಜಾಮ್ ಮಾತ್ರೆ. ‘ದೇವರು ಬಂತು’ ಎಂದು ಬೇವಿನ ಸೊಪ್ಪು ಹಿಡಿಯುವವರ ಸಂಖ್ಯೆ ಇದರಿಂದ ಎಷ್ಟು ಕಡಿಮೆಯಾಯಿತೋ.

ಈ ರೋಗದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಸಂಗತಿ. ಎಲ್ಲರಿಗೂ ಆ ಗಳಿಗೆ ಭಯದ್ದಲ್ಲ. ಕೆಲವರಿಗೆ ಅದು ಹಿತ. ನಿಲ್ಲಿಸಲಾಗದೆ ಇನ್ನೊಂದು ಚೊಂಬು, ಮತ್ತೊಂದು ಚೊಂಬು ಎಂದು ಸುರಿದುಕೊಳ್ಳುತ್ತಲೇ ಹೋಗಿ ಪ್ರಜ್ಞೆ ತಪ್ಪುತ್ತಾರೆ. ಎದ್ದ ಮೇಲೆ ನಡೆದದ್ದು ನೆನಪಿರುವುದಿಲ್ಲ. ಭಯ, ಸುಖ, ಮರೆವು ಮೂರೂ ಒಂದೇ ಬಚ್ಚಲಲ್ಲಿ.

ಸುಖಕ್ಕಾಗಿ ಮತ್ತೆ ಮತ್ತೆ ಅದನ್ನೇ ಮಾಡುವ ಪ್ರಾಣಿಯನ್ನು ವಿಜ್ಞಾನಿಗಳು ಮೊದಲೇ ಕಂಡಿದ್ದರು. 1954ರಲ್ಲಿ ಕೆನಡಾದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಯ ಮಿದುಳಿನೊಳಗೆ ತಂತಿಯಿಟ್ಟು, ಅದು ಸನ್ನೆ ಒತ್ತಿದಾಗಲೆಲ್ಲ ಸಣ್ಣ ವಿದ್ಯುತ್ತು ಹರಿಯುವಂತೆ ಮಾಡಿದ್ದರು. ಇಲಿ ಬೇರೆಲ್ಲ ಬಿಟ್ಟು ಸನ್ನೆ ಒತ್ತುತ್ತಲೇ ಇತ್ತು. ನಿಮ್ಹಾನ್ಸ್‌ನ ನರಶರೀರವಿಜ್ಞಾನ ವಿಭಾಗದಲ್ಲಿ ಟಿ. ದೇಶಿರಾಜು, ಟಿ.ಆರ್. ರಾಜು ಮತ್ತು ಬಿ.ಎಸ್. ಶಂಕರನಾರಾಯಣ ರಾವ್ ಈ ಪ್ರಯೋಗಕ್ಕೆ ಮುಂದಿನ ಪ್ರಶ್ನೆ ಜೋಡಿಸಿದರು. ಹೀಗೆ ಹತ್ತು ದಿನ, ದಿನಕ್ಕೊಂದು ಗಂಟೆ ಸುಖಪಟ್ಟ ಇಲಿಯ ನರಕೋಶ ಹೇಗಿರುತ್ತದೆ?

ಉತ್ತರ ಹುಡುಕುವ ಕೆಲಸ ಕುಸುರಿಯದು. ಮಿದುಳಿನ ತುಂಡುಗಳನ್ನು ಬೆಳ್ಳಿಯ ಗಾಲ್ಜಿ ಬಣ್ಣದಲ್ಲಿ ಅದ್ದಿ, ಆಮೇಲೆ ತೆಳುವಾಗಿ ಸೀಳಿ ನೋಡಿದರೆ ನೂರರಲ್ಲಿ ಕೆಲವೇ ಕೋಶಗಳು ಬಣ್ಣ ಹೀರುತ್ತವೆ. ಹೀರಿದ ಕೋಶ ಮಾತ್ರ ಎಲೆಯುದುರಿದ ಮರದಂತೆ ಬುಡದಿಂದ ತುದಿಯವರೆಗೆ ಕಪ್ಪಾಗಿ ನಿಲ್ಲುತ್ತದೆ. ಸೂಕ್ಷ್ಮದರ್ಶಕಕ್ಕೆ ಜೋಡಿಸಿದ ಪಟ್ಟಕದಲ್ಲಿ ಆ ಮರದ ನೆರಳು ಕಾಗದದ ಮೇಲೆ ಬೀಳುತ್ತದೆ. ಪೆನ್ಸಿಲ್ ಹಿಡಿದು ಒಂದೊಂದೇ ಕವಲನ್ನು ತಿದ್ದಿ, ಬುಡವನ್ನು ಕೇಂದ್ರ ಮಾಡಿಕೊಂಡು ಒಂದರ ಹೊರಗೊಂದು ವೃತ್ತ ಎಳೆದು, ಪ್ರತಿ ವೃತ್ತವನ್ನು ಎಷ್ಟು ಕವಲು ದಾಟುತ್ತವೆ ಎಂದು ಎಣಿಸಬೇಕು. ಒಂದು ಕೋಶವಾದ ಮೇಲೆ ಇನ್ನೊಂದು. 1993ರಲ್ಲಿ ಪ್ರಕಟವಾದ ಫಲಿತಾಂಶ: ಸುಖಪಟ್ಟ ಇಲಿಗಳ ಹಿಪೊಕ್ಯಾಂಪಸ್‌ನ ಕೋಶಗಳು ಹೆಚ್ಚು ಕವಲೊಡೆದಿದ್ದವು. 1995ರಲ್ಲಿ ಅದೇ ವಿಭಾಗ ಇದರ ಮತ್ತೊಂದು ಮುಖವನ್ನು, ಕಟ್ಟಿಹಾಕಿ ಒತ್ತಡಕ್ಕೊಳಪಡಿಸಿದ ಇಲಿಗಳ ಅದೇ ಕೋಶಗಳಲ್ಲಾದ ಬದಲಾವಣೆಯನ್ನು ವರದಿ ಮಾಡಿತು.

ನಮ್ಮ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಬೆಂಗಳೂರಿನ ಹೆಸರುಳ್ಳ ಕಲ್ಲಿದೆ. ಸುಮಾರು 890ರ ಕಾಲದ ಕಾಳಗವೊಂದರಲ್ಲಿ ಸತ್ತವನ ನೆನಪಿಗೆ ನಿಲ್ಲಿಸಿದ್ದು. ನೆನಪೆಂದರೆ ಹೀಗೆ ಕೆತ್ತಿಟ್ಟದ್ದು ಎಂದೇ ನಾನೂ ಅಂದುಕೊಂಡಿದ್ದೆ. ಹತ್ತೇ ದಿನಕ್ಕೆ ಕವಲೊಡೆಯುವ ಕೋಶಗಳ ಬಗ್ಗೆ ಓದಿದ ಮೇಲೆ ಆ ಹೋಲಿಕೆ ಕೈಬಿಟ್ಟೆ.

ಊರಿನ ಇನ್ನೊಂದು ತುದಿಯಲ್ಲಿ, ಜಿಕೆವಿಕೆ ಆವರಣದ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್‌ನಲ್ಲಿ, ಸುಮಂತ್ರ ಚಟರ್ಜಿಯವರ ತಂಡ ಬಾದಾಮಿಯ ಬೆನ್ನು ಹತ್ತಿತ್ತು. ಒತ್ತಡದಿಂದ ಹಿಪೊಕ್ಯಾಂಪಸ್ ಸೊರಗುತ್ತದೆ ಎಂಬುದನ್ನು ನ್ಯೂಯಾರ್ಕಿನ ಬ್ರೂಸ್ ಮೆಕ್‌ಎವನ್ ಆಗಲೇ ತೋರಿಸಿದ್ದರು. ಹಾಗಾದರೆ ಅಮಿಗ್ಡಲವೂ ಸೊರಗಬೇಕಲ್ಲ? ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಇಲಿಗಳನ್ನು ಅಲುಗಾಡದಂತೆ ಹಿಡಿದಿಟ್ಟು, ನಿಮ್ಹಾನ್ಸ್‌ನ ಶಂಕರನಾರಾಯಣ ರಾವ್ ಅವರೊಂದಿಗೆ ಸೇರಿ ಕವಲು ಎಣಿಸಿದರು. 2002ರಲ್ಲಿ ಅಜಯ್ ವ್ಯಾಸ್ ಮೊದಲ ಲೇಖಕರಾಗಿದ್ದ ಪ್ರಬಂಧ ಹೇಳಿದ್ದು ಇಷ್ಟು: ಹಿಪೊಕ್ಯಾಂಪಸ್‌ನ ಕವಲು ಮೊಟಕಾದವು, ಅಮಿಗ್ಡಲದ ಕವಲು ಬೆಳೆದವು. ಒಂದೇ ಪೆಟ್ಟು, ಒಂದೇ ಇಲಿ, ಪಕ್ಕಪಕ್ಕದ ಎರಡು ಭಾಗ, ಎರಡು ದಿಕ್ಕು.

ಮೆಕ್‌ಲೀನ್‌ನ ‘ವ್ಯವಸ್ಥೆ’ಗೆ ಇದಕ್ಕಿಂತ ಸದ್ದಿಲ್ಲದ ಪೆಟ್ಟು ಬಿದ್ದದ್ದು ನಾನು ಕಾಣೆ. ಆ ಹೆಸರಿನಿಂದ ಉಪಕಾರಕ್ಕಿಂತ ಗೊಂದಲವೇ ಹೆಚ್ಚು ಎಂದು ನರವಿಜ್ಞಾನಿ ಜೋಸೆಫ್ ಲೆಡೂ ಮೊದಲೇ ವಾದಿಸಿದ್ದರು. ಅಂಚು ಒಂದೇ ಆದರೂ ನೇಯ್ಗೆ ಒಂದಲ್ಲ. ಒಂದೇ ಮಗ್ಗ, ಒಂದೇ ನೂಲು ಎಂದು ಭಾವಿಸಿ ಮದ್ದು ಹುಡುಕಿದರೆ ಒಂದು ಭಾಗಕ್ಕೆ ಒಳ್ಳೆಯದಾದದ್ದು ಇನ್ನೊಂದಕ್ಕೆ ಆಗಲೇಬೇಕೆಂದಿಲ್ಲ.

ಅದೇ ತಂಡ 2004ರಲ್ಲಿ ಕಂಡದ್ದು ಇನ್ನೂ ಕಳವಳದ್ದು. 21 ದಿನ ಯಾವ ಕಾಟವೂ ಇಲ್ಲದೆ ಬಿಟ್ಟರೂ ಅಮಿಗ್ಡಲದ ಹೆಚ್ಚುವರಿ ಕವಲು ಹಿಂದಕ್ಕೆ ಹೋಗಲಿಲ್ಲ, ಇಲಿಯ ಅಂಜಿಕೆಯೂ ಹೋಗಲಿಲ್ಲ. ಹಿಪೊಕ್ಯಾಂಪಸ್ ಮಾತ್ರ ಚೇತರಿಸಿಕೊಂಡಿತು. 2005ರಲ್ಲಿ ಇನ್ನೊಂದು: ಒಮ್ಮೆ ಮಾತ್ರ, ಎರಡೇ ಗಂಟೆ ಹಿಡಿದಿಟ್ಟ ಇಲಿಯಲ್ಲಿ ಮರುದಿನ ಏನೂ ಬದಲಾಗಿರಲಿಲ್ಲ. ಹತ್ತು ದಿನ ಬಿಟ್ಟು ನೋಡಿದರೆ ಅಮಿಗ್ಡಲದ ಕೋಶಗಳ ಮೇಲೆ ಹೊಸ ಮುಳ್ಳುಗಳು, ಅಂದರೆ ಹೊಸ ಸಂಪರ್ಕದ ಮೊಗ್ಗುಗಳು ಎದ್ದಿದ್ದವು. ಅಪಘಾತವಾದ ದಿನ ಗಟ್ಟಿಯಾಗಿದ್ದವರು ಹದಿನೈದು ದಿನದ ಮೇಲೆ ಕುಸಿಯುವುದನ್ನು ಹೊಸೂರು ರಸ್ತೆಯ ಆಸುಪಾಸಿನವರು ಕಾಣದವರೇನಲ್ಲ.

ಇಲಿಯಿಂದ ಮನುಷ್ಯನಿಗೆ ಬರುವ ದಾರಿ ನಿಧಾನದ್ದು. ಎಸ್.ಕೆ. ಶಂಕರ್ ಅವರ ಮುಂದಾಳ್ತನದಲ್ಲಿ 1995ರಲ್ಲಿ ನಿಮ್ಹಾನ್ಸ್‌ನಲ್ಲಿ ಮಿದುಳು ಬ್ಯಾಂಕ್ ಶುರುವಾಯಿತು. ಮನೆಯವರ ಒಪ್ಪಿಗೆಯ ಮೇಲೆ ದಾನವಾಗಿ ಬಂದ ಮಿದುಳುಗಳು ಅಲ್ಲಿ ಶೈತ್ಯದಲ್ಲಿವೆ. ವಯಸ್ಸಾದಂತೆ ಬರುವ ಮರೆವನ್ನು ಅರಿಯಲು ಬದುಕಿರುವವರನ್ನೇ ವರ್ಷಗಟ್ಟಲೆ ಹಿಂಬಾಲಿಸುವ ಕೆಲಸವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಕೈಗೆತ್ತಿಕೊಂಡಿದೆ. ಆರಿಸಿಕೊಂಡದ್ದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ, ಮಾವಿನ ಊರು. ಗುರಿ 10,000 ಜನ. ಕನ್ನಡ, ತೆಲುಗು ಎರಡೂ ಆಡುವ, ಅನೇಕರು ಶಾಲೆಯ ಮೆಟ್ಟಿಲು ಹತ್ತದ ಊರಿನಲ್ಲಿ ‘ಈ ಪದಗಳನ್ನು ಓದಿ ನೆನಪಿಟ್ಟುಕೊಳ್ಳಿ’ ಎಂಬ ಪರೀಕ್ಷೆ ನಡೆಯುವುದಿಲ್ಲ. ಪ್ರಶ್ನೆಗಳನ್ನೇ ಹೊಸದಾಗಿ ಹದಮಾಡಬೇಕು. ಎಂಆರ್‌ಐ ಸ್ಕ್ಯಾನ್ ಕೂಡ ಉಂಟು. ಸೇರಿಸಿಕೊಳ್ಳುವುದು 45 ವರ್ಷ ದಾಟಿದವರನ್ನು. ಇಷ್ಟು ಬೇಗ ಏಕೆ ಎಂದರೆ, ಮರೆವು ಮನೆಯವರ ಕಣ್ಣಿಗೆ ಬೀಳುವ ಎಷ್ಟೋ ವರ್ಷ ಮೊದಲೇ ಕಡಲ್ಗುದುರೆ ಸೊರಗಲು ಶುರುಮಾಡಿರುತ್ತದೆ.