ಕಿರುಗಂಟೆಯ ದನಿ

ಗಂಟೆ ಎಂದೊಡನೆ ನಮಗೆ ನೆನಪಾಗುವುದು ಗುಡಿಯ ಗಂಟೆ. ಅದಕ್ಕೆ ಇರುವುದು ಒಂದೇ ನಾದ. ಡಚ್ಚರ ನಾಡಿನಲ್ಲಿ ಹಾಗಲ್ಲ. ಅಲ್ಲಿ ಗೋಪುರದೊಳಗೆ ಹತ್ತಾರು ಗಂಟೆಗಳನ್ನು ಶ್ರುತಿಗೂಡಿಸಿ ತೂಗುಹಾಕಿರುತ್ತಾರೆ. ವಾದಕನು ಮರದ ಹಿಡಿಗಳನ್ನು ಮುಷ್ಟಿಯಿಂದ ಗುದ್ದಿದರೆ ತಂತಿಗಳು ಗಂಟೆಯ ನಾಲಗೆಯನ್ನು ಎಳೆಯುತ್ತವೆ; ಊರಿಗೆ ಊರೇ ಸಂಗೀತ ಕೇಳುತ್ತದೆ. ಈ ವಾದ್ಯಕ್ಕೆ ಕ್ಯಾರಿಲಾನ್ ಎಂದು ಹೆಸರು.

ಎರಡನೆಯ ಮಹಾಯುದ್ಧದಲ್ಲಿ ನೆದರ್ಲೆಂಡ್ಸನ್ನು ಆಕ್ರಮಿಸಿದ ಜರ್ಮನ್ನರು ಅಲ್ಲಿಯ ಸಾವಿರಾರು ಗಂಟೆಗಳನ್ನು ಲೋಹಕ್ಕಾಗಿ ಇಳಿಸಿಕೊಂಡು ಹೋದರು. 1944-45ರ ಚಳಿಗಾಲದಲ್ಲಿ ಸುಮಾರು 20,000 ಜನ ಹಸಿವಿನಿಂದ ಸತ್ತರು. 1945ರ ಮೇ 5ರಂದು ಬಿಡುಗಡೆಯಾಯಿತು. ಮುಂದೆ ಅಮೆರಿಕದ ಮಾರ್ಷಲ್ ಯೋಜನೆಯ ನೆರವೂ ಬಂತು. ಆ ಉಪಕಾರವನ್ನು ನೆನೆದು ಡಚ್ ಜನ ಅಮೆರಿಕಕ್ಕೆ ಕೊಡಲು ಆರಿಸಿಕೊಂಡದ್ದು ಗಂಟೆಗಳನ್ನು. ಕಳೆದುಕೊಂಡದ್ದನ್ನೇ ಕಾಣಿಕೆಯಾಗಿ ಕೊಟ್ಟರಲ್ಲ ಎಂಬುದು ನನ್ನ ಮನಸ್ಸನ್ನು ಹಿಡಿಯಿತು.

1952ರ ಏಪ್ರಿಲ್ 4ರಂದು ವಾಷಿಂಗ್ಟನ್ನಿನಲ್ಲಿ ರಾಣಿ ಯೂಲಿಯಾನಾ ಅಧ್ಯಕ್ಷ ಟ್ರೂಮನ್ನರ ಕೈಗೆ ಪುಟ್ಟದೊಂದು ಬೆಳ್ಳಿಯ ಗಂಟೆಯನ್ನಿತ್ತು, ಬರಲಿರುವ ಕೊಡುಗೆಯನ್ನು ಸಾಂಕೇತಿಕವಾಗಿ ಒಪ್ಪಿಸಿದರು. ಮೇಳ ಸರಿಯಾಗಿ ಕೂಡಬೇಕಾದರೆ ತೂಕದ ಬಲವಿಲ್ಲದ ಕಿರುದನಿಗಳಿಗೂ ನ್ಯಾಯ ದೊರೆಯಬೇಕು ಎಂಬುದು ಅವರ ಮಾತಿನ ಸಾರ.

ಒಳ್ಳೆಯ ಮಾತೇ. ಆದರೆ ಅದನ್ನು ಓದುವಾಗ ನನಗೆ ಇಂಡೊನೇಷ್ಯ ನೆನಪಾಯಿತು. 1945ರಲ್ಲಿ ಸ್ವಾತಂತ್ರ್ಯ ಸಾರಿದ ಆ ನಾಡಿನ ಮೇಲೆ 1947ರಲ್ಲೂ 1948ರಲ್ಲೂ ದಂಡೆತ್ತಿ ಹೋದವರು ಇದೇ ಡಚ್ಚರು. ಅದರ ವಿರುದ್ಧ ದನಿಯೆತ್ತಲು ನೆಹರೂ ಅವರು 1949ರ ಜನವರಿಯಲ್ಲಿ ದೆಹಲಿಯಲ್ಲಿ ಸಮ್ಮೇಳನ ಕರೆದರು. ಆ ವರ್ಷದ ಡಿಸೆಂಬರ್ 27ರಂದು, ಆಮ್‌ಸ್ಟರ್‌ಡ್ಯಾಮಿನಲ್ಲಿ, ಅಧಿಕಾರ ಬಿಟ್ಟುಕೊಡುವ ಪತ್ರಕ್ಕೆ ರುಜು ಹಾಕಿದವರು ಇದೇ ರಾಣಿ. ಕಿರುದನಿಯ ಪಾಠವನ್ನು ಅವರ ನಾಡು ಸುಲಭವಾಗಿ ಕಲಿತಿರಲಿಲ್ಲ.

49 ಗಂಟೆಗಳು 1954ರಲ್ಲಿ ತಾತ್ಕಾಲಿಕ ನೆಲೆಯೊಂದರಲ್ಲಿ ತೂಗಿದವು. ಅನಂತರ ವಾಷಿಂಗ್ಟನ್ನಿಗೆ ಎದುರಾಗಿ, ಪೊಟೊಮ್ಯಾಕ್ ನದಿಯಾಚೆಯ ಆರ್ಲಿಂಗ್ಟನ್ನಿನಲ್ಲಿ 127 ಅಡಿ ಎತ್ತರದ ಉಕ್ಕಿನ ಗೋಪುರ ಎದ್ದಿತು. ಅದರ ಸಮರ್ಪಣೆ 1960ರ ಮೇ 5ರಂದು, ಬಿಡುಗಡೆಯ ದಿನವೇ ನಡೆಯಿತು. ದೊಡ್ಡ ಗಂಟೆಯ ತೂಕ ಐದು ಟನ್ನಿಗೂ ಹೆಚ್ಚು. ಅತ್ಯಂತ ಕಿರಿಯದು ಇಪ್ಪತ್ತು ಕಿಲೋ ಸಹ ಇಲ್ಲ. ಆ ಕಿರುಗಂಟೆಗಳು ಸಲ್ಲುವುದು ಡಚ್ ಎಳೆಯರ ಹೆಸರಿಗೆ. 1995ರಲ್ಲಿ ಐವತ್ತನೆಯ ಗಂಟೆ ಸೇರಿತು.

ಕಾಲ ಕಳೆದಂತೆ ಉಕ್ಕು ತುಕ್ಕು ಹಿಡಿಯಿತು. ಗಂಟೆಗಳನ್ನೆಲ್ಲ ಇಳಿಸಿ, ಕಡಲು ದಾಟಿಸಿ, ಹುಟ್ಟಿದ ನಾಡಿಗೇ ಕಳುಹಿಸಿ ಶ್ರುತಿ ತಿದ್ದಿಸಿದರು. 2021ರಲ್ಲಿ ಅವು ಮರಳಿದಾಗ ಹೊಸ ಮೂರು ಸೇರಿ 53 ಆಗಿದ್ದವು.

ಕಾಣಿಕೆಯನ್ನು ಒಮ್ಮೆ ಕೊಟ್ಟರೆ ಮುಗಿಯಿತೆಂದು ನಾವು ತಿಳಿಯುತ್ತೇವೆ. ಕಂಚಿಗೂ ಶ್ರುತಿ ತಪ್ಪುತ್ತದೆ. ದೊಡ್ಡವರು ಆಡುವ ದೊಡ್ಡ ಮಾತಿಗೂ ತಪ್ಪುತ್ತದೆ. ತಪ್ಪಿತೋ ಇಲ್ಲವೋ ಎಂದು ತಿಳಿಯಬೇಕಾದರೆ ಕಿರುಗಂಟೆಯ ಕಡೆಗೆ ಕಿವಿಗೊಡಬೇಕು, ಅಲ್ಲವೆ?